ಮನೆಗೊಂದು ಚೀಟಿ

2016ರ ನವೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಯ ಫಲಿತಾಂಶ ಬಂದ ಬುಧವಾರ ಬೆಳಿಗ್ಗೆ ಡಚ್ಚರ ನಾಡಿನ ಐಂಡ್‌ಹೋವನ್‌ನ ನಮ್ಮ ಮನೆಯಲ್ಲಿ ಯಾರೋ ಹತ್ತಿರದವರು ತೀರಿಕೊಂಡಂಥ ವಾತಾವರಣ. ಕಣದಲ್ಲಿದ್ದ ಹೆಂಗಸು ಸೋತಿದ್ದರು. ನನ್ನ ಗಂಡ ಒಗ್ಗರಣೆ ಅವಲಕ್ಕಿಯ ತಟ್ಟೆ ಮುಂದಿಟ್ಟುಕೊಂಡು, ಒಂದು ಚಮಚವನ್ನೂ ಬಾಯಿಗಿಡದೆ, ನಮ್ಮ ಕನ್ನಡ ಕೂಟದ ವಾಟ್ಸಾಪ್ ಗುಂಪಿಗೆ ಬರುತ್ತಿದ್ದ ಸಂದೇಶಗಳನ್ನು ನನಗೆ ಓದಿ ಹೇಳುತ್ತಿದ್ದರು. 'ಒಬ್ಬ ಲೇಡಿನ ಅಕ್ಸೆಪ್ಟ್ ಮಾಡೋಕೆ ಆ ಜನ ಇನ್ನೂ ರೆಡಿ ಇಲ್ಲ ಬಿಡಿ' ಎಂದು ಒಬ್ಬರು. 'ಎಂಟು ವರ್ಷ ಕಪ್ಪು ಪ್ರೆಸಿಡೆಂಟ್‌ನ ಸಹಿಸ್ಕೊಂಡಿದ್ದಕ್ಕೆ ಈಗ ಸೇಡು ತೀರಿಸ್ಕೊಂಡ್ರು' ಎಂದು ಇನ್ನೊಬ್ಬರು. ಅದಕ್ಕೆ ಹದಿನೇಳು ಜನ ಅಳುವ ಮುಖ ಹಾಕಿದ್ದರು.

"ಎಂಥಾ ಮಂದಿ ನೋಡು," ಎಂದರು ನನ್ನ ಗಂಡ. "ಓದಿದವರು, ತಿಳದವರು, ಚೀಟಿ ಕೈಯಾಗ ಬಂದ್ ಕೂಡ್ಲೆ ಬ್ಯಾರೇನs ಆಗ್ತಾರ."

ನಾನು ಹೌದೌದು ಎಂದೆ. ನನಗೂ ಬೇಜಾರಾಗಿತ್ತು. ಅದಾದ ಹತ್ತು ದಿನಕ್ಕೆ ನಮ್ಮ ಕೂಟದ್ದೇ ಅಧ್ಯಕ್ಷ ಚುನಾವಣೆ ಇತ್ತು, ಅದರಲ್ಲೂ ಒಬ್ಬ ಹೆಂಗಸು ನಿಂತಿದ್ದಳು, ಅವಳು ಗೆಲ್ಲುತ್ತಾಳೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಹಾಗಾಗಿ ಅಂದು ಅಮೆರಿಕದವರನ್ನು ಬೈಯುವುದರಲ್ಲಿ ನಾನು ಯಾರಿಗೂ ಕಡಿಮೆಯಾಗಲಿಲ್ಲ.

ಈಗ ಆ ಸಂದೇಶಗಳನ್ನು ನೆನೆಸಿಕೊಂಡರೆ ಮೈ ಉರಿಯುತ್ತದೆ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವನ ಎಲೆಯ ನೊಣ ತೋರಿಸಿದನಂತೆ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ನಮ್ಮದು ಬರೀ ಎಲೆಯಲ್ಲ, ಇಡೀ ಪಂಕ್ತಿ.

ನಮ್ಮ ಕೂಟ ಎಂದರೆ ದೊಡ್ಡದೇನಲ್ಲ. ಐಂಡ್‌ಹೋವನ್ ಮತ್ತು ಸುತ್ತಲಿನ ಊರುಗಳಲ್ಲಿದ್ದ ಮೂವತ್ತೊಂದು ಮನೆ. ಹೆಚ್ಚಿನವರು ಕಂಪ್ಯೂಟರ್ ಚಿಪ್, ಯಂತ್ರ, ಸಾಫ್ಟ್‌ವೇರ್ ಎಂದು ಬಂದವರು. ಅರ್ಧ ಬೆಂಗಳೂರು ಮೈಸೂರು ಕಡೆ, ಉಳಿದರ್ಧ ನಮ್ಮಂತೆ ಧಾರವಾಡ, ವಿಜಯಪುರ, ಬಾಗಲಕೋಟೆ. ನಾನೂ ಎಂಜಿನಿಯರೇ. ಯಂತ್ರಗಳು ಗಿರಾಕಿಗೆ ಹೋಗುವ ಮುಂಚೆ ಅವುಗಳ ತಪ್ಪು ಹುಡುಕುವುದು ನನ್ನ ಕೆಲಸ. ವರ್ಷಕ್ಕೆ ಮೂರು ಹಬ್ಬ, ಒಂದು ಪಿಕ್‌ನಿಕ್, ನವೆಂಬರ್‌ನಲ್ಲಿ ರಾಜ್ಯೋತ್ಸವ. ಎರಡು ವರ್ಷಕ್ಕೊಮ್ಮೆ ರಾಜ್ಯೋತ್ಸವದ ದಿನವೇ ಅಧ್ಯಕ್ಷರ ಆಯ್ಕೆ.

ಆಯ್ಕೆಗೆ ಒಂದು ಪದ್ಧತಿ ಇತ್ತು. ಮನೆಗೊಂದು ಚೀಟಿ. ಕೂಟ ಶುರುವಾದಾಗ ಇದ್ದದ್ದು ಏಳೇ ಸಂಸಾರ, ಆಗ ಯಾರೋ ಮಾಡಿದ್ದು ಹಾಗೇ ಉಳಿಯಿತು. ಸದಸ್ಯತ್ವದ ಹಾಳೆಯಲ್ಲಿ ಮೇಲೆ ಯಜಮಾನರ ಹೆಸರು, ಕೆಳಗೆ ಪತ್ನಿ, ಅದರ ಕೆಳಗೆ ಮಕ್ಕಳು. ಚೀಟಿ ಸಿಗುವುದು ಮೇಲಿನ ಹೆಸರಿಗೆ. ಬೇಕಾದವರ ಹೆಸರನ್ನು ಕನ್ನಡದಲ್ಲೇ ಬರೆದು ಖಾಲಿಯಾದ ಚಕ್ಕುಲಿ ಡಬ್ಬಿಗೆ ಹಾಕಬೇಕು. ಆಮೇಲೆ ಕನ್ನಡ ತರಗತಿಯ ಒಂದು ಮಗು ಎಲ್ಲರೆದುರು ಚೀಟಿ ಬಿಚ್ಚಿ ಗಟ್ಟಿಯಾಗಿ ಓದಬೇಕು. ಪರದೇಶದಲ್ಲಿ ಹುಟ್ಟಿದ ಮಗು ಕನ್ನಡದ ಕೈಬರಹ ಓದುವುದನ್ನು ಕೇಳಿ ಹಿರಿಯರ ಕಣ್ಣಲ್ಲಿ ನೀರು ಬರಬೇಕು. ಬರುತ್ತಲೂ ಇತ್ತು.

ಇದೆಲ್ಲ ನಡೆಯುತ್ತಿದ್ದುದು ಮಧ್ಯಾಹ್ನ ನಾಲ್ಕಕ್ಕೆ. ನಾವು ಬಾಡಿಗೆಗೆ ಹಿಡಿಯುತ್ತಿದ್ದ ಬಡಾವಣೆಯ ಸಭಾಂಗಣವನ್ನು ಐದಕ್ಕೆ ಬಿಟ್ಟುಕೊಡಬೇಕು, ಅಡುಗೆಮನೆ ಒರೆಸಿ ಒಣಗಿಸಿರಬೇಕು. ಅಂದರೆ ನಾಲ್ಕಕ್ಕೆ ಹೆಂಗಸರೆಲ್ಲ ಬಿಸಿಬೇಳೆಬಾತಿನ ಪಾತ್ರೆ ಉಜ್ಜುತ್ತಿರುತ್ತಿದ್ದೆವು. ಗೋಡೆಯಾಚೆ ಚಪ್ಪಾಳೆ ಕೇಳಿಸಿದರೆ ಅಧ್ಯಕ್ಷರು ಆರಿಸಿ ಬಂದರು ಎಂದು ಅರ್ಥ. ಯಾರೂ ಸಂಚು ಮಾಡಿ ಹೀಗೆ ಇಟ್ಟದ್ದಲ್ಲ. ಸಂಚು ಮಾಡಿದ್ದರೆ ಒಬ್ಬನನ್ನಾದರೂ ಹಿಡಿದು ಬೈಯಬಹುದಿತ್ತು.

2014ರಲ್ಲಿ ಇಲ್ಲಿಯ ನಗರಸಭೆ ಚುನಾವಣೆಗೆ ನಮ್ಮ ಮನೆಗೆ ಎರಡು ಲಕೋಟೆ ಬಂದವು. ಐದು ವರ್ಷ ನೆಲೆಸಿದವರು ವಿದೇಶಿಯರಾದರೂ ಊರಿನ ಚುನಾವಣೆಯಲ್ಲಿ ಮತ ಹಾಕಬಹುದು. ಸ್ಟೆಮ್‌ಪಾಸ್ ಎನ್ನುವ ಆ ಮತದಾನದ ಪಾಸು ಒಂದು ಅವರ ಹೆಸರಿಗೆ, ಒಂದು ನನ್ನ ಹೆಸರಿಗೆ. ನಾನು ಅದನ್ನು ಹಿಡಿದುಕೊಂಡು ಸೈಕಲ್ಲಿನಲ್ಲಿ ಶಾಲೆಗೆ ಹೋಗಿ, ಚಾಪೆಯಷ್ಟು ಅಗಲದ ಹಾಳೆಯಲ್ಲಿ ಕೆಂಪು ಪೆನ್ಸಿಲಿನಿಂದ ಒಂದು ವೃತ್ತವನ್ನು ತುಂಬಿ ಬಂದೆ. ನನ್ನ ಹೆಸರನ್ನು ಸರಿಯಾಗಿ ಉಚ್ಚರಿಸಲೂ ಬಾರದ ನಗರಸಭೆ ನನ್ನನ್ನು ಒಂದು ತಲೆ ಎಂದು ಎಣಿಸಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ನನ್ನದೇ ಕನ್ನಡ ಕೂಟದಲ್ಲಿ ಪಾತ್ರೆ ಉಜ್ಜುತ್ತಾ ಗೋಡೆಯಾಚೆಯ ಚಪ್ಪಾಳೆ ಕೇಳಿಸಿಕೊಂಡೆ. ಆಗಲಾದರೂ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

2016ರಲ್ಲಿ ನಿಂತವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ತುಮಕೂರಿನವಳು. 2004ರಲ್ಲಿ ಎನ್ಸ್‌ಕೆಡೆ ಎಂಬ ಇಲ್ಲಿಯ ಊರಿಗೆ ಎಂಜಿನಿಯರಿಂಗ್ ಓದಲು ಬಂದು, ಅಲ್ಲೇ ಒಬ್ಬನನ್ನು ಮೆಚ್ಚಿ, ಮರುವರ್ಷ ಮದುವೆಯಾಗಿ ಐಂಡ್‌ಹೋವನ್‌ಗೆ ಬಂದವಳು. ಆತನ ತಂದೆತಾಯಿ ಹಿಂದೆ ಡಚ್ಚರ ವಸಾಹತಾಗಿದ್ದ ಸುರಿನಾಮಿನಿಂದ ಬಂದವರು. ಇದನ್ನು ಹೇಳಿದ ಕೂಡಲೇ ನಮ್ಮವರ ಮುಖ ಅರಳುತ್ತಿತ್ತು, "ಓ, ಅಲ್ಲಿ ನಮ್ಮ ಇಂಡಿಯನ್ಸ್ ತುಂಬಾ ಜನ ಇದ್ದಾರಲ್ವಾ!" ಆತ ಅವರಲ್ಲಿ ಒಬ್ಬನಲ್ಲ, ಆಫ್ರಿಕಾದ ಮೂಲದವನು, ಕಪ್ಪು ಬಣ್ಣದವನು ಎಂದು ತಿಳಿದಾಗ ಆ ಮುಖ ಮತ್ತೆ ಮುದುಡುವುದನ್ನು ನಾನು ಎಷ್ಟೋ ಸಲ ಕಣ್ಣಾರೆ ಕಂಡಿದ್ದೇನೆ. ಜೊತೆಗೆ ಆತ ಸಿಟಿ ಬಸ್ಸು ಓಡಿಸುತ್ತಿದ್ದ. ಕಪ್ಪು ಎಂಜಿನಿಯರ್ ಆಗಿದ್ದರೆ ಅರ್ಧ ಕ್ಷಮಿಸುತ್ತಿದ್ದರೋ ಏನೋ.

ನಾನು ಆತನನ್ನು ಭಾವ ಎಂದು ಕರೆಯುತ್ತಿದ್ದೆ. 2007ರಲ್ಲಿ ನಾನು ಎರಡು ವರ್ಷದ ಮಗನನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು, ಯಾವ ಬಸ್ಸು ಎಲ್ಲಿಗೆ ಎಂದು ತಿಳಿಯದೆ ನಿಲ್ದಾಣದಲ್ಲಿ ನಿಂತಿದ್ದಾಗ, ಬಸ್ಸಿನಿಂದ ಇಳಿದು ಬಂದು "ಊಟ ಆಯ್ತಾ?" ಎಂದು ಕೇಳಿದವರು ಆತ. ನನ್ನ ಹಣೆಯ ಕುಂಕುಮ ನೋಡಿ ಹೆಂಡತಿಯ ಕಡೆಯವಳೇ ಇರಬೇಕು ಎಂದು ಅಂದಾಜು ಮಾಡಿದ್ದರು. ಆಗ ಅವರಿಗೆ ಬರುತ್ತಿದ್ದ ಕನ್ನಡ ಅಷ್ಟೇ. ನಾನು ಬಸ್ಸಿನಲ್ಲೇ ಅತ್ತುಬಿಟ್ಟೆ. ಆ ಸಂಜೆ ಅಕ್ಕನ ಮನೆಯಲ್ಲಿ ಮುದ್ದೆ ಉಂಡೆ, ಜೋಳದ ರೊಟ್ಟಿಯವಳಾದ ನನಗೆ ಅದನ್ನು ನುಂಗಲು ಕಲಿಸಿದವರೂ ಭಾವನೇ.

ಮರುವರ್ಷ ಅಮೆರಿಕದಲ್ಲಿ ಕಪ್ಪು ಮನುಷ್ಯ ಮೊದಲ ಸಲ ಅಧ್ಯಕ್ಷನಾದಾಗ ನಮ್ಮ ಕೂಟದಲ್ಲಿ ಜಾಮೂನು ಹಂಚಿದರು. ಎಲ್ಲರೂ ಸಾಲಾಗಿ ಹೋಗಿ ಭಾವನನ್ನು ತಬ್ಬಿಕೊಂಡರು. "ಯುವರ್ ಮ್ಯಾನ್ ವನ್!" ಎಂದು ಬೆನ್ನು ತಟ್ಟಿದರು. ಆತ ಜಾಮೂನಿನ ಬಟ್ಟಲು ಹಿಡಿದು, ನಾನು ಅಮೆರಿಕವನ್ನೇ ನೋಡಿಲ್ಲವಲ್ಲ ಎಂದು ನಕ್ಕರು. ತಬ್ಬಿಕೊಂಡವರಲ್ಲಿ ಎಷ್ಟು ಜನ ಅವರನ್ನು ಮನೆಗೆ ಊಟಕ್ಕೆ ಕರೆದಿದ್ದರು ಎಂದು ನಾನು ಆಗ ಲೆಕ್ಕ ಹಾಕಲಿಲ್ಲ. ಈಗ ಹಾಕಿದ್ದೇನೆ. ಒಂದು ಕೈಯ ಬೆರಳುಗಳೇ ಹೆಚ್ಚಾಗುತ್ತವೆ.

2010ರಲ್ಲಿ ಅಕ್ಕ ಮಕ್ಕಳಿಗೆ ಕನ್ನಡ ತರಗತಿ ಶುರು ಮಾಡಿದಳು. ಆರು ವರ್ಷ ಒಂದು ಭಾನುವಾರವೂ ತಪ್ಪಿಸಲಿಲ್ಲ. ನಾವು ಮಕ್ಕಳನ್ನು ಬಿಟ್ಟು ಹರಟೆಗೆ, ಸಂತೆಗೆ ಹೋಗುತ್ತಿದ್ದೆವು. ನನ್ನ ಮಗ ಅಚ್ಚಿನ ಅಕ್ಷರವನ್ನು ತಡವರಿಸಿಕೊಂಡು ಓದುವಷ್ಟು ಕಲಿತ, ಮಾತಾಡಿಸಿದರೆ ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಸಿಟ್ಟು ಬಂದರೆ ಡಚ್ಚಿನಲ್ಲಿ. ಎಲ್ಲರ ಮಕ್ಕಳೂ ಅಷ್ಟೇ. ಕನ್ನಡದಲ್ಲಿ ಕೇಳಿದ್ದಕ್ಕೆ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದದ್ದು, ಯಾರ ಕೋಳಿಕಾಲಿನಂಥ ಕೈಬರಹವನ್ನೂ ಸರಾಗವಾಗಿ ಓದುತ್ತಿದ್ದದ್ದು ಒಬ್ಬಳೇ, ಅಕ್ಕನ ಮಗಳು. ಗುಂಗುರು ಕೂದಲು, ಅಪ್ಪನ ಬಣ್ಣ, ತುಮಕೂರಿನ ಅಜ್ಜಿಯ ಗಂಟಲು.

ಅಕ್ಕನಿಗೆ ಅಧ್ಯಕ್ಷಗಿರಿಯ ಚಪಲವೇನೂ ಇರಲಿಲ್ಲ. ತರಗತಿ ನಡೆಯುತ್ತಿದ್ದ ಕೋಣೆಗೆ ಪ್ರತಿವರ್ಷ ಕೂಟದ ಅಧ್ಯಕ್ಷರು ಒಂದು ಪತ್ರಕ್ಕೆ ಸಹಿ ಹಾಕಿ ಕೊಡಬೇಕಿತ್ತು. 2015ರಲ್ಲಿ ಆಗಿನ ಅಧ್ಯಕ್ಷರು ಮರೆತರು. ಅಕ್ಕ ಮೂರು ಸಲ ನೆನಪಿಸಿದಳು. ಕೋಣೆ ಯೋಗ ತರಗತಿಯವರ ಪಾಲಾಯಿತು. ಆ ಚಳಿಗಾಲವೆಲ್ಲ ಹದಿನಾಲ್ಕು ಮಕ್ಕಳು ಅಕ್ಕನ ಮನೆಯ ಮೆಟ್ಟಿಲ ಮೇಲೆ ಕೂತು ಕಾಗುಣಿತ ಬರೆದರು. "ಒಂದು ಸಹಿಗೆ ಮೂರು ಸಲ ಕೈ ಮುಗೀಬೇಕಾ? ನಾನೇ ನಿಂತ್ಕೋತೀನಿ ಬಿಡು," ಎಂದಳು ಅಕ್ಕ. ಅವಳಿಗೆ ಬೇಕಾಗಿದ್ದದ್ದು ಆ ಸಹಿ. ಕೇಳದೆಯೇ ಸಿಗಬೇಕಿದ್ದದ್ದನ್ನು ಮತ್ತೆ ಮತ್ತೆ ಕೇಳಬೇಕಾದ ಸ್ಥಿತಿಯಿಂದ ಹೊರಬರಬೇಕಿತ್ತು ಅವಳಿಗೆ.

ಎದುರು ನಿಂತವನು ಬಂದು ಎರಡೇ ವರ್ಷವಾಗಿದ್ದ ಒಬ್ಬ ಮ್ಯಾನೇಜರ್. ಕೆಟ್ಟವನೇನಲ್ಲ. ಕನ್ನಡ ತರಗತಿ ಎಲ್ಲಿ ನಡೆಯುತ್ತದೆ ಎಂದೂ ಗೊತ್ತಿರಲಿಲ್ಲ, ಅಷ್ಟೇ. ಆತ ಗಣೇಶ ಹಬ್ಬದಲ್ಲಿ ಮೈಕಿನವರ ಮೇಲೆ ಕೂಗಾಡಿದಾಗ ಜನ "ಲೀಡರ್‌ಶಿಪ್ ಕ್ವಾಲಿಟಿ ಇದೆ" ಎಂದರು. ಅಕ್ಕ ಕೂಗಾಡಿದ್ದು ನಾನು ಕಂಡಂತೆ ಒಂದೇ ಸಲ. ಕೆಲವು ವರ್ಷಗಳ ಹಿಂದೆ ನಮ್ಮ ರಾಜ್ಯೋತ್ಸವದಲ್ಲಿ ಮಕ್ಕಳಿಗೆ ಇಲ್ಲಿಯ ಸಿಂಟರ್‌ಕ್ಲಾಸ್ ಹಬ್ಬದ ಮಿಠಾಯಿ ಹಂಚಲು ಒಬ್ಬರು ಮುಖಕ್ಕೆ ಮಸಿ ಬಳಿದು, ತುಟಿಗೆ ಕೆಂಪು ಮೆತ್ತಿ, ಕಪ್ಪು ಆಳಿನ ವೇಷದಲ್ಲಿ ಕುಣಿಯುತ್ತಾ ಬಂದಾಗ. ಅಕ್ಕನ ಮಗಳಿಗೆ ಆಗ ಏಳು. ಅವಳು ವೇಷವನ್ನು ನೋಡಿದಳು, ಅಪ್ಪನನ್ನು ನೋಡಿದಳು. ಅಕ್ಕ ವೇದಿಕೆ ಹತ್ತಿ, "ಮುಖ ತೊಳ್ಕೊಂಡು ಬನ್ನಿ, ಆಮೇಲೆ ಹಂಚಿ" ಎಂದಳು. ಇದು ಇಲ್ಲಿಯ ಸಂಪ್ರದಾಯ, ಬರೀ ತಮಾಷೆ ಎಂದು ನಮ್ಮವರು ಅವಳಿಗೆ ಪಾಠ ಹೇಳಿದರು. ಆಫೀಸಿನಲ್ಲಿ ಬಿಳಿಯರು ಊಟದ ಮೇಜಿಗೆ ಕರೆಯಲಿಲ್ಲ ಎಂದು ವಾರಗಟ್ಟಲೆ ಕೊರಗುವ ಅದೇ ಜನ. ಅಂದಿನಿಂದ ಅಕ್ಕನಿಗೆ 'ಜೋರು' ಎಂಬ ಬಿರುದು ಅಂಟಿಕೊಂಡಿತು.

ಇಷ್ಟಾದರೂ ಗೆಲ್ಲುತ್ತಾಳೆ ಎಂದು ನಾನು ನಂಬಿದ್ದಕ್ಕೆ ಕಾರಣ, ಮನೆಮನೆಗೆ ಫೋನು ಮಾಡಿದವಳು ನಾನೇ. ಹತ್ತೊಂಬತ್ತು ಮನೆಯ ಹೆಂಗಸರು "ಅಯ್ಯೋ, ಅಕ್ಕನಿಗಲ್ದೆ ಇನ್ಯಾರಿಗೆ?" ಎಂದಿದ್ದರು. ಮೂವತ್ತೊಂದರಲ್ಲಿ ಹತ್ತೊಂಬತ್ತು. ಯಂತ್ರಗಳ ತಪ್ಪು ಹುಡುಕುವ ನಾನು ಮಾಡಿದ ತಪ್ಪು ನೋಡಿ. ಮಾತು ಕೊಟ್ಟವರ ಕೈಯಲ್ಲಿ ಚೀಟಿಯೇ ಇರಲಿಲ್ಲ.

ಆ ಶನಿವಾರ ನಾಲ್ಕು ಗಂಟೆಗೆ ನಾನು ಎಂದಿನಂತೆ ಕುಕ್ಕರಿನ ತಳ ಉಜ್ಜುತ್ತಿದ್ದೆ. ಆಚೆಯಿಂದ ಅಕ್ಕನ ಮಗಳ ದನಿ ಬಂತು. ಚೀಟಿ ಓದುತ್ತಿದ್ದವಳು ಅವಳೇ. ಓದಬಲ್ಲವಳು ಅವಳೊಬ್ಬಳೇ ಆದ್ದರಿಂದ ಬೇರೆ ಯಾರನ್ನು ನಿಲ್ಲಿಸಲಿಕ್ಕೂ ಸಾಧ್ಯವಿರಲಿಲ್ಲ. ಹತ್ತು ವರ್ಷದ ಹುಡುಗಿ, ಹಳದಿ ಕೆಂಪು ಲಂಗ ದಾವಣಿ. ನಾನು ಸೋಪಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತೆ.

ಒಂದೊಂದೇ ಚೀಟಿ ಬಿಚ್ಚಿ, ಆ ಮ್ಯಾನೇಜರನ ಹೆಸರು ಓದಿ, ಬೋರ್ಡಿನ ಮೇಲೆ ಗೆರೆ ಎಳೆದು, ಚೀಟಿಯನ್ನು ಮೊದಲಿನ ಹಾಗೆಯೇ ಮಡಚಿ ಪಕ್ಕಕ್ಕಿಡುತ್ತಿದ್ದಳು. ಮೊದಮೊದಲು ಪ್ರತಿ ಚೀಟಿಗೂ ಅಮ್ಮನ ಕಡೆ ನೋಡುತ್ತಿದ್ದಳು. ಹತ್ತು ದಾಟಿದ ಮೇಲೆ ನೋಡುವುದನ್ನು ಬಿಟ್ಟಳು. ದನಿ ಮಾತ್ರ ಇಳಿಸಲಿಲ್ಲ. ಗಟ್ಟಿಯಾಗಿ ಓದಬೇಕು ಎಂದು ಅಮ್ಮನೇ ಕಲಿಸಿದ್ದಳು.

ಇಪ್ಪತ್ತರ ಆಸುಪಾಸಿನಲ್ಲಿ ಒಂದು ಚೀಟಿ ಬಿಚ್ಚಿ ತಡೆದಳು. ಅದರಲ್ಲಿ ಹೆಸರಿರಲಿಲ್ಲ. "ನಮ್ಮ ಜನಾನೇ ಇರ್ಲಿ, ಬೇರೆಯವರು ಬೇಡ," ಎಂದು ಓದಿದಳು. ಕೂಟದ ಹಳೆಯ ಅಧ್ಯಕ್ಷರ ಕಡೆ ತಿರುಗಿ ಕೇಳಿದಳು: "ಅಂಕಲ್, ಇದನ್ನ ಯಾರ ಕಡೆ ಹಾಕ್ಲಿ?"

ಸಭಾಂಗಣದಲ್ಲಿ ನಲವತ್ತು ಜನ ದೊಡ್ಡವರಿದ್ದರು. ಅದನ್ನು ಬರೆದವನು ಆ ಕುರ್ಚಿಗಳಲ್ಲೇ ಎಲ್ಲೋ ಕೂತಿದ್ದ. ಅಧ್ಯಕ್ಷರು ಕೆಮ್ಮಿ, "ಅದು... ಆ ಅಂಕಲ್ ಕಡೆಗೇ ಹಾಕ್ಬಿಡು ಪುಟ್ಟಾ, ಟೈಮ್ ಆಗ್ತಿದೆ," ಎಂದರು. ಅದನ್ನು ಪಕ್ಕಕ್ಕಿಡಿ ಎನ್ನಬೇಕೆಂದು ನನಗೆ ಗಂಟಲವರೆಗೆ ಬಂತು. ನನ್ನ ಕೈಯಿಂದ ಸೋಪಿನ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು, ನಾನು ಅದನ್ನೇ ನೋಡುತ್ತಾ ನಿಂತೆ. ಅದಾದ ಮೇಲೆ ಮಾತಾಡಿದವಳು ಅಕ್ಕ ಒಬ್ಬಳೇ. "ಓದು ಮಗಳೇ, ಪೂರ್ತಿ ಓದು," ಎಂದಳು.

ಹುಡುಗಿ ಗೆರೆ ಎಳೆದು ಮುಂದಿನ ಚೀಟಿ ಬಿಚ್ಚಿದಳು. ಕೊನೆಗೆ ಅಕ್ಕನಿಗೆ ಬಂದದ್ದು ಆರು.

ಧ್ವನಿವರ್ಧಕದ ಪಕ್ಕದಲ್ಲಿ ತಂತಿ ಸುತ್ತುತ್ತಾ ನಿಂತಿದ್ದ ಭಾವನಿಗೆ ಚೀಟಿಯ ಕನ್ನಡವೆಲ್ಲ ಅರ್ಥವಾಗಿರಲಿಲ್ಲ. ಬೋರ್ಡಿನ ಗೆರೆಗಳು ಅರ್ಥವಾಗಿದ್ದವು. ಗೆದ್ದವನಿಗೆ ಮೊದಲು ಚಪ್ಪಾಳೆ ತಟ್ಟಿದವರು ಅವರೇ.

ಎಲ್ಲ ಮುಗಿದ ಮೇಲೆ ಕಸ ಗುಡಿಸುವ ನೆಪದಲ್ಲಿ ನಾನು ಮೇಜಿನ ಮೇಲಿನ ಚೀಟಿಗಳನ್ನು ಬಾಚಿಕೊಂಡೆ. ಮೂರನೆಯದೋ ನಾಲ್ಕನೆಯದೋ ಬಿಚ್ಚಿದೆ. ನಮ್ಮ ಫ್ರಿಜ್ಜಿನ ಮೇಲೆ ದಿನಾ ನೋಡುವ ಅಕ್ಷರ ಅದು, ಹಾಲು ಮೊಸರು ಕೊತ್ತಂಬರಿ ಎಂದು ಬರೆಯುವ ಉದ್ದನೆಯ, ಎಡಕ್ಕೆ ವಾಲಿದ ಅಕ್ಷರ. ಮ್ಯಾನೇಜರನ ಹೆಸರು. ಹೆಸರಿನ ಕೆಳಗೊಂದು ಅಚ್ಚುಕಟ್ಟಾದ ಗೆರೆ.

ಕಾರಿನಲ್ಲಿ ಹಿಂದೆ ಮಗ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡಿದ್ದ. ನಾನು ಚೀಟಿಯನ್ನು ಸ್ಟಿಯರಿಂಗಿನ ಮುಂದೆ ಇಟ್ಟೆ.

"ಇದು ಯಾರ ಅಕ್ಷರ ರೀ?"

ಅವರು ನೋಡಿದರು. ಸುಳ್ಳು ಹೇಳಲಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯವರು. "ನನಗೇನಿಲ್ಲs ಮಾರಾಯ್ತಿ. ಆಕಿ ಛಲೋ ಹೆಣ್ಮಗಳು, ಕೆಲಸಾನೂ ಮಾಡ್ತಾಳ. ಆದ್ರ ಮಂದಿ ಒಪ್ಪಂಗಿಲ್ಲ. ನಾಳೆ ಕೂಟ ಒಡದು ಎರಡಾಗ್ತಾವ. ಹೆಂಗೂ ಸೋಲಾಕಿಗೆ ಹಾಕಿ ಏನ್ ಮಾಡೂದು?"

"ಯಾವ ಮಂದಿ?"

"ಮಂದಿ ಅಂದ್ರ ಮಂದಿ. ಎಲ್ಲಾರೂ."

"ಚೀಟಿ ಮನೀದಲ್ಲೇನ್ರಿ? ನನ್ನ ಒಂದು ಮಾತು ಕೇಳಿದ್ರೇನು ನೀವು?"

"ನಿನ್ನ ಏನ್ ಕೇಳೂದು? ನಿನಗೂ ಅಷ್ಟs ಅನಸ್ತದ ಅಂದ್ಕೊಂಡೆ," ಎಂದರು. "ಹೋದ ವರ್ಷ ಅವ್ವ ಅಪ್ಪ ಬಂದಾಗ ಸತ್ಯನಾರಾಯಣ ಪೂಜಾಕ್ಕ ಆಕೀನ ಒಬ್ಬಾಕೀನs ಬರ್ರಿ ಅಂದಿದ್ದಿ ನೀ. ಗಂಡನ್ನ ಕರೀಲಿಲ್ಲ. ಆವಾಗ ನೀ ಏನಂದಿ? ನನಗೇನಿಲ್ಲ, ಅತ್ತಿ ಏನಂತಾರೋ ಅಂತ. ನಾನೂ ಅದನ್ನs ಮಾಡೀನಿ."

ಅವರು ಹೇಳಿದ್ದು ನಿಜ. ನನ್ನ ಅತ್ತೆ ಆಮೇಲೆ ಊರಿಗೆ ಹೋಗುವ ದಿನ, "ಆ ಬಸ್ಸಿನ ಹುಡುಗನ್ನ ಒಮ್ಮೆರ ಕರದು ಊಟಕ್ಕ ಹಾಕಬೇಕಿತ್ತು, ನನಗ ದಿನಾ ಕೈ ಮಾಡತಿದ್ದ," ಎಂದಿದ್ದರು. ಅವರು ಏನೂ ಅನ್ನುತ್ತಿರಲಿಲ್ಲ. ಅಂದವಳು ನಾನು, ಅವರ ಹೆಸರಿನಲ್ಲಿ.

ಹಾಗೆಂದು ನನ್ನ ಸಿಟ್ಟು ಇಳಿಯಲಿಲ್ಲ, ಇಮ್ಮಡಿಯಾಯಿತು. ಚೀಟಿಯನ್ನು ಗಾಳಿಗಿರಣಿಯ ಆಕಾರದ ಮ್ಯಾಗ್ನೆಟ್ಟಿನಿಂದ ಫ್ರಿಜ್ಜಿಗೆ ಅಂಟಿಸಿದೆ. ಮರುದಿನದಿಂದ ಆ ಹತ್ತೊಂಬತ್ತು ಮನೆಗಳಿಗೂ ಮತ್ತೆ ಫೋನು ಮಾಡಿದೆ. ನನಗೆ ಆ ಮಂದಿ ಬೇಕಾಗಿತ್ತು. ಅಕ್ಕನನ್ನು ಒಪ್ಪದ ಆ ಮಂದಿ ಯಾರು, ಯಾವ ಬೀದಿಯಲ್ಲಿದ್ದಾರೆ, ಒಮ್ಮೆ ಮುಖ ನೋಡಬೇಕಾಗಿತ್ತು. "ನಮ್ಮವ್ರಿಗೆ ಏನೂ ಇಲ್ಲ ಕಣ್ರೀ, ಬಾಕಿಯವ್ರು ಒಪ್ಪಲ್ಲ ಅಂತ ಆ ಕಡೆ ಹಾಕಿದ್ರಂತೆ." ಎಲ್ಲಿ ಕೇಳಿದರೂ ಇದೇ ಉತ್ತರ. ಒಬ್ಬ ಗಂಡಸು ಫೋನು ಕಸಿದುಕೊಂಡು, ಅಮೆರಿಕದಲ್ಲಿ ಏನಾಯ್ತು ನೋಡಿದ್ರಲ್ಲ, ಲೇಡಿ ಕ್ಯಾಂಡಿಡೇಟ್ ಎಲ್ಲೂ ಗೆಲ್ಲಲ್ಲ ಎಂದು ನನಗೇ ವಿವರಿಸಿದ. ಹತ್ತು ದಿನದ ಹಿಂದೆ ಅಳುವ ಮುಖ ಹಾಕಿದವನು ಅವನೇ! ಇಡೀ ಐಂಡ್‌ಹೋವನ್‌ನಲ್ಲಿ ಅಕ್ಕನ ಬಗ್ಗೆ ಏನಾದರೂ ಇದ್ದವರು ಒಬ್ಬರೂ ಇರಲಿಲ್ಲ. ಎಲ್ಲರಿಗೂ ಪಕ್ಕದ ಮನೆಯವರ ಚಿಂತೆ. ಹೀಗೆ ಯಾರಿಗೂ ಏನೂ ಇಲ್ಲದೆ ಇಪ್ಪತ್ತೈದು ಚೀಟಿ ಬಿದ್ದಿದ್ದವು. ಅಮೆರಿಕದ ಬಿಳಿಯ ಮತದಾರನೂ ತನ್ನ ಅಡುಗೆಮನೆಯಲ್ಲಿ ಕೂತು ಹೀಗೇ ಹೇಳಿರುತ್ತಾನೆ, ನನಗೇನಿಲ್ಲ ಎಂದು.

ಮುಂದಿನ ಭಾನುವಾರ ಅಕ್ಕನ ಮನೆಗೆ ಹೋಗಿ ಪೂಜೆಯ ದಿನದ ತಪ್ಪನ್ನು ಒಪ್ಪಿಕೊಂಡೆ. ಅವಳು ಸೊಪ್ಪು ಬಿಡಿಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ಗೊತ್ತಿತ್ತು ಕಣೆ," ಎಂದಳು. "ಅವರಿಗೂ ಗೊತ್ತಿತ್ತು. ಅವತ್ತು ರಜಾ ಇತ್ತು ಅವರಿಗೆ. ನಿನಗೆ ಮುಜುಗರ ಆಗದೆ ಇರ್ಲಿ ಅಂತ, ಡ್ಯೂಟಿ ಇದೆ ಅಂತ ಹೇಳ್ಬಿಡು ಅಂದ್ರು. ಸಂಜೆವರೆಗೂ ಯೂನಿಫಾರ್ಮ್ ಹಾಕ್ಕೊಂಡೇ ಮನೇಲಿ ಕೂತಿದ್ರು, ಮಗಳು ಕೇಳ್ತಾಳೆ ಅಂತ."

ನಾನು ಅತ್ತುಬಿಟ್ಟೆ. ಅವಳು ಸಮಾಧಾನ ಮಾಡಲಿಲ್ಲ. ಮಾಡಬೇಕಾಗಿಯೂ ಇರಲಿಲ್ಲ.

ಕನ್ನಡ ತರಗತಿ ಆ ಡಿಸೆಂಬರ್‌ಗೆ ನಿಂತಿತು. ಹೊಸ ಅಧ್ಯಕ್ಷ ಒಳ್ಳೆಯವನು, ಬಂದ ವಾರವೇ ಪತ್ರಕ್ಕೆ ಸಹಿ ಹಾಕಿದ. ಕೋಣೆ ಸಿಕ್ಕಿತು, ಕಲಿಸುವವರು ಸಿಗಲಿಲ್ಲ. ಅದರಲ್ಲಿ ಗಣೇಶನ ಮಂಟಪ, ಪ್ಲಾಸ್ಟಿಕ್ ಹೂವಿನ ಹಾರಗಳನ್ನು ಇಟ್ಟರು.

ಎರಡು ವರ್ಷ ನಾನು ಕೂಟದ ತಲೆ ತಿಂದೆ. ತಲೆಗೊಂದು ಚೀಟಿ ಬೇಕು ಎಂದು ಪ್ರತಿ ಸಭೆಯಲ್ಲೂ ಎದ್ದು ನಿಂತೆ. ಗಂಡಹೆಂಡಿರ ನಡುವೆ ಜಗಳ ಹಚ್ಚುತ್ತೀರಿ ಎಂದರು. ಹಚ್ಚುತ್ತೇನೆ ಎಂದೆ. ಈ ಸಲ ನನಗೆ 'ಜೋರು' ಎಂಬ ಬಿರುದು ಬಂತು, ಅಕ್ಕನದನ್ನೇ ಇಳಿಸಿ ಕೊಟ್ಟ ಹಾಗೆ. ನನ್ನ ಗಂಡ ಮೊದಲ ಆರು ತಿಂಗಳು ತುಟಿ ಬಿಚ್ಚಲಿಲ್ಲ. ಫ್ರಿಜ್ಜಿನ ಮೇಲಿನ ತಮ್ಮ ಚೀಟಿಯನ್ನು ದಿನಾ ನೋಡಿ ನೋಡಿ ಸಾಕಾಯಿತೋ ಏನೋ, ಒಂದು ಸಭೆಯಲ್ಲಿ ಎದ್ದು ನಿಂತು, "ನಮ್ಮನಿಯಾಕಿ ಹೇಳೂದು ಖರೇ ಐತ್ರಿ," ಎಂದರು. 2018ರಲ್ಲಿ ತಲೆಗೊಂದು ಚೀಟಿ ಎಂದು ನಿಯಮವಾಯಿತು. ಆ ವರ್ಷ ಪಾತ್ರೆ ತೊಳೆದವರು ಗಂಡಸರು. ಕುಕ್ಕರಿನ ತಳ ಹಾಗೇ ಇತ್ತು, ನಾನು ಮುಟ್ಟಲಿಲ್ಲ.

ನಿಲ್ಲು ಎಂದು ಅಕ್ಕನ ಕೈಕಾಲು ಹಿಡಿದೆ. ಒಪ್ಪಲಿಲ್ಲ. ನೋಡಲಾದರೂ ಬಾ ಎಂದದ್ದಕ್ಕೆ ಮಗಳನ್ನು ಕರೆದುಕೊಂಡು ಬಂದಳು. ಭಾವ ಬಂದಿರಲಿಲ್ಲ. ಎಲ್ಲಿ ಎಂದು ಕೇಳಿದೆ.

"ಡ್ಯೂಟಿ ಇದೆ," ಎಂದಳು ಅಕ್ಕ.

ನನ್ನ ಕೈಗೆ ನನ್ನದೇ ಚೀಟಿ ಬಂತು. ಇಬ್ಬರು ಗಂಡಸರು ನಿಂತಿದ್ದರು. ನಾನು ಅಕ್ಕನ ಹೆಸರು ಬರೆದು ಡಬ್ಬಿಗೆ ಹಾಕಿದೆ. ಎಣಿಕೆಯಲ್ಲಿ ಅದನ್ನು ಅಸಿಂಧು ಎಂದು ಪಕ್ಕಕ್ಕೆಸೆಯುತ್ತಾರೆ ಎಂದು ಗೊತ್ತಿತ್ತು. ಆದರೂ ಒಮ್ಮೆ ಆ ಹೆಸರನ್ನು ಆ ಸಭೆಯಲ್ಲಿ ಆ ಹುಡುಗಿ ಗಟ್ಟಿಯಾಗಿ ಓದಲಿ ಎಂದು ನನ್ನ ಹಟ.

ಅವಳಿಗೆ ಆಗ ಹನ್ನೆರಡು. ಜಾಕೆಟ್ಟು ಬಿಚ್ಚದೆ ಬಾಗಿಲ ಬಳಿಯ ಕುರ್ಚಿಯಲ್ಲಿ ಫೋನು ನೋಡುತ್ತಾ ಕೂತಿದ್ದಳು. ಅಧ್ಯಕ್ಷ ಡಬ್ಬಿಯ ಮುಚ್ಚಳ ತೆಗೆದು, ಎರಡು ವರ್ಷದ ಹಿಂದೆ ಏನೂ ನಡೆದೇ ಇಲ್ಲವೆಂಬಂತೆ ಕರೆದ. "ಬಾ ಪುಟ್ಟಾ, ನಮ್ಮ ಕನ್ನಡದ ಚಾಂಪಿಯನ್! ಓದು ಬಾ."

ಹುಡುಗಿ ತಲೆ ಎತ್ತಿದಳು. ಡಬ್ಬಿಯನ್ನು ನೋಡಿದಳು. ಅದೇ ಚಕ್ಕುಲಿ ಡಬ್ಬಿ. "ಡಾಟ್ ಕನ್ ಇಕ್ ನೀಟ್ ಲೇಜನ್," ಎಂದಳು ಡಚ್ಚಿನಲ್ಲಿ. ನನಗೆ ಅದನ್ನು ಓದಲು ಬರುವುದಿಲ್ಲ ಎಂದು. ಮತ್ತೆ ಫೋನಿಗೆ ತಲೆ ತಗ್ಗಿಸಿದಳು.

ಅಕ್ಕ ಮಗಳನ್ನು ಗದರಿಸಲಿಲ್ಲ. ಬೇರೆ ಮಕ್ಕಳಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ, ಅಧ್ಯಕ್ಷ ತಾನೇ ಓದಿದ. ನನ್ನ ಚೀಟಿ ಬಂದಾಗ ಅಕ್ಕನ ಹೆಸರು ಓದಿ, "ಇವ್ರು ನಿಂತೇ ಇಲ್ವಲ್ಲ," ಎಂದು ನಕ್ಕು ಪಕ್ಕಕ್ಕಿಟ್ಟ. ಇನ್ನೂ ಎಷ್ಟೋ ಜನ ನಕ್ಕರು.

ನಾನು ಬಾಗಿಲ ಕಡೆ ನೋಡಿದೆ. ಹುಡುಗಿ ನಗಲಿಲ್ಲ, ತಲೆಯೂ ಎತ್ತಲಿಲ್ಲ. ಅವಳಿಗೆ ಓದಲು ಚೆನ್ನಾಗಿ ಬರುತ್ತಿತ್ತು. ನಮ್ಮ ಕೈಬರಹ ಅವಳಿಗೆ ಗೊತ್ತಿದ್ದಷ್ಟು ನಮಗೆ ಯಾರಿಗೂ ಗೊತ್ತಿರಲಿಲ್ಲ.